ಎರಡು ಚಕ್ರ ಸೇರಿಸಿದರೆ ಸಾಲದು

ಅಂಗವಿಕಲರಿಗೆ ಯಂತ್ರಚಾಲಿತ ವಾಹನ ವಿತರಿಸುವ ಸಮಾರಂಭಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಪರಿಚಿತ ದೃಶ್ಯ. ಸಾಲಾಗಿ ನಿಲ್ಲಿಸಿದ ಹೊಸ ಸ್ಕೂಟರುಗಳು, ಹಿಂಬದಿಯ ಇಕ್ಕೆಲಗಳಲ್ಲಿ ಒಂದೊಂದು ಹೆಚ್ಚುವರಿ ಚಕ್ರ, ಕೀಲಿಕೈಯ ಹಸ್ತಾಂತರ, ಛಾಯಾಚಿತ್ರ. ಎಷ್ಟು ಜನರಿಗೆ ವಾಹನ ದೊರೆಯಿತು ಎಂಬ ಸಂಖ್ಯೆ ಮರುದಿನದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ವರ್ಷಾಂತ್ಯದ ಪ್ರಗತಿ ವರದಿಯಲ್ಲೂ ಅದೇ ಸಂಖ್ಯೆ ಸೇರುತ್ತದೆ. ಆದರೆ ಆ ಎರಡು ಚಕ್ರಗಳನ್ನು ಹೇಗೆ ಜೋಡಿಸಲಾಗಿದೆ, ಆ ಜೋಡಣೆಯಿಂದ ವಾಹನದ ನಡೆ ಹೇಗೆ ಬದಲಾಗಿದೆ ಎಂಬ ಪ್ರಶ್ನೆ ಕೇಳಿಬರುವುದು ಅಪರೂಪ. ಸವಾರನ ಜೀವ ಮಾತ್ರ ಅವಲಂಬಿಸಿರುವುದು ಆ ಪ್ರಶ್ನೆಯ ಮೇಲೆಯೇ.

ಈ ವಾಹನಗಳ ಮಹತ್ವದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ 54 ಲಕ್ಷಕ್ಕೂ ಹೆಚ್ಚು ಮಂದಿಯದು ಚಲನೆಗೆ ಸಂಬಂಧಿಸಿದ ಊನ. ಕರ್ನಾಟಕದಲ್ಲಿ ಒಟ್ಟು ಅಂಗವಿಕಲರ ಸಂಖ್ಯೆ 13.24 ಲಕ್ಷ. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಆದರೆ ಅದಕ್ಕೂ ಮೊದಲು ಆ ರೋಗಕ್ಕೆ ತುತ್ತಾದವರು ಇಂದು ದುಡಿಯುವ ವಯಸ್ಸಿನಲ್ಲಿದ್ದಾರೆ. ಅಪಘಾತದಲ್ಲಿ ಕಾಲು ಕಳೆದುಕೊಂಡವರು, ಬೆನ್ನುಹುರಿಗೆ ಪೆಟ್ಟಾದವರು ಪ್ರತಿ ವರ್ಷವೂ ಈ ಸಮುದಾಯಕ್ಕೆ ಸೇರುತ್ತಲೇ ಇದ್ದಾರೆ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲಾರದವನಿಗೆ ಸ್ಕೂಟರ್ ಎಂದರೆ ಉದ್ಯೋಗ, ಶಿಕ್ಷಣ, ಆಸ್ಪತ್ರೆ ಎಲ್ಲವೂ ಹೌದು. ಆದ್ದರಿಂದ ಯೋಜನೆಯನ್ನು ಟೀಕಿಸುವುದು ನನ್ನ ಉದ್ದೇಶವಲ್ಲ. ಕೊಡುವ ವಸ್ತುವಿನ ಗುಣವನ್ನು ವಿಚಾರಿಸದೆ ಕೇವಲ ಎಣಿಸುವ ಆಡಳಿತದ ರೂಢಿಯನ್ನು ಪ್ರಶ್ನಿಸುವುದು ನನ್ನ ಉದ್ದೇಶ.

ಸ್ಕೂಟರಿಗೆ ಎರಡು ಚಕ್ರ ಸೇರಿಸಿದೊಡನೆ ಅದು ಹೆಚ್ಚು ಭದ್ರವಾದ ಸ್ಕೂಟರ್ ಆಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಂತಿರುವಾಗ ಈ ನಂಬಿಕೆ ನಿಜ. ಚಲಿಸುವಾಗ ಅದು ಬೇರೆಯೇ ವಾಹನ. ದ್ವಿಚಕ್ರ ವಾಹನ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಹೊರಕ್ಕೆ ತಳ್ಳುವ ಬಲವನ್ನು ಆ ವಾಲಿಕೆಯೇ ಸರಿದೂಗಿಸುತ್ತದೆ. ಪಕ್ಕದ ಚಕ್ರಗಳನ್ನು ಬಿಗಿಯಾಗಿ ಜೋಡಿಸಿದ ಸ್ಕೂಟರ್ ವಾಲಲಾರದು. ಹಾಗಾಗಿ ಆ ಬಲವೆಲ್ಲ ವಾಹನವನ್ನು ಹೊರಕ್ಕೆ ಉರುಳಿಸಲು ಯತ್ನಿಸುತ್ತದೆ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಸವಾರ ಮುಂಡವನ್ನು ಒಳಕ್ಕೆ ಬಾಗಿಸಿ ಇದನ್ನು ಸ್ವಲ್ಪಮಟ್ಟಿಗೆ ಎದುರಿಸಬಹುದು. ಆದರೆ ಸೊಂಟದ, ಬೆನ್ನಿನ ಸ್ನಾಯುಗಳು ದುರ್ಬಲವಾಗಿರುವ ಸವಾರನಿಗೆ ಅದು ಸಾಧ್ಯವಾಗದ ಮಾತು. ಯಾರಿಗಾಗಿ ಚಕ್ರ ಸೇರಿಸಲಾಯಿತೋ ಅವರಲ್ಲಿ ಅನೇಕರು ಅದರ ಈ ದೋಷವನ್ನು ತಿದ್ದಿಕೊಳ್ಳಲಾರದವರು.

ಒಂದು ಸರಳ ಲೆಕ್ಕ ನೋಡೋಣ. ಇಂತಹ ವಾಹನ ಮುಖ್ಯವಾಗಿ ಮುಂದಿನ ಚಕ್ರ ಮತ್ತು ಪಕ್ಕದ ಎರಡು ಚಕ್ರಗಳೆಂಬ ಮೂರು ಬಿಂದುಗಳ ತ್ರಿಕೋನದ ಮೇಲೆ ನಿಂತಿದೆ ಎಂದುಕೊಳ್ಳಿ. ಪಕ್ಕದ ಚಕ್ರಗಳ ನಡುವಣ ಅಂತರ 1 ಮೀಟರ್. ಸವಾರನೂ ಸೇರಿದಂತೆ ಗುರುತ್ವ ಕೇಂದ್ರದ ಎತ್ತರ 70 ಸೆಂಟಿಮೀಟರ್. ಆ ಕೇಂದ್ರ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರದಲ್ಲಿ ಐದರಲ್ಲಿ ಮೂರು ಪಾಲು ಹಿಂದಿದೆ. ಇವು ಉದಾಹರಣೆಗಾಗಿ ಇಟ್ಟುಕೊಂಡ ಅಳತೆಗಳು. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವಾಹನದ ಒಳಬದಿಯ ಚಕ್ರ ನೆಲ ಬಿಡಲು ಗಂಟೆಗೆ ಸುಮಾರು 23 ಕಿಲೋಮೀಟರ್ ವೇಗ ಸಾಕು. ಪಕ್ಕದ ಚಕ್ರಗಳನ್ನು ತಲಾ 10 ಸೆಂಟಿಮೀಟರ್ ಹೊರಕ್ಕೆ ಸರಿಸಿದರೆ ಈ ಮಿತಿ 25 ಕಿಲೋಮೀಟರ್ ದಾಟುತ್ತದೆ. ಗುರುತ್ವ ಕೇಂದ್ರವನ್ನು 10 ಸೆಂಟಿಮೀಟರ್ ತಗ್ಗಿಸಿದರೂ ಹೆಚ್ಚು ಕಡಿಮೆ ಅಷ್ಟೇ ಲಾಭ. ತಿರುವಿನ ಮಧ್ಯದಲ್ಲಿ ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ, ಅಂದರೆ ತ್ರಿಕೋನದ ಕಿರಿದಾದ ತುದಿಯ ಕಡೆಗೆ ಜರುಗಿ, ಮಿತಿ ಇನ್ನಷ್ಟು ಕೆಳಗಿಳಿಯುತ್ತದೆ. ನಗರದ ಸಾಮಾನ್ಯ ವೇಗದಲ್ಲೇ ಅಪಾಯ ಎದುರಾಗುತ್ತದೆಂಬುದು ಇದರ ತಾತ್ಪರ್ಯ. ವಿನ್ಯಾಸದ ಹತ್ತು ಸೆಂಟಿಮೀಟರು ಇಲ್ಲಿ ಕ್ಷುಲ್ಲಕ ವಿವರವಲ್ಲ.

ಎರಡನೆಯ ಸಮಸ್ಯೆ ನಮ್ಮ ರಸ್ತೆಗಳಿಗೆ ಸಂಬಂಧಿಸಿದ್ದು. ಹಿಂದಿನ ಚಕ್ರ ಮತ್ತು ಪಕ್ಕದ ಎರಡು ಚಕ್ರಗಳು ಒಂದೇ ಸಾಲಿನಲ್ಲಿವೆ. ಪಕ್ಕದ ಚಕ್ರಗಳು ದಿಣ್ಣೆಯ ಮೇಲಿದ್ದು ನಡುವಿನ ಚಕ್ರ ಗುಂಡಿಯ ಮೇಲೆ ಬಂದರೆ ಅದು ಗಾಳಿಯಲ್ಲಿ ತೂಗಾಡುತ್ತದೆ. ಎಂಜಿನ್‌ನ ಶಕ್ತಿ ತಲುಪುವುದು ಆ ಚಕ್ರಕ್ಕೆ. ಹಿಂದಿನ ಬ್ರೇಕ್ ಇರುವುದೂ ಅದರಲ್ಲೇ. ಅದು ನೆಲ ಬಿಟ್ಟ ಕ್ಷಣದಲ್ಲಿ ವಾಹನ ಮುಂದೆ ಹೋಗದು, ಹಿಂದಿನ ಬ್ರೇಕಿಗೂ ಬಗ್ಗದು. ಪಕ್ಕದ ಚಕ್ರಗಳಿಗೆ ಸ್ಪ್ರಿಂಗ್ ಅಳವಡಿಸಿದರೆ ಈ ತೊಂದರೆ ತಗ್ಗುತ್ತದೆ; ಆದರೆ ಸ್ಪ್ರಿಂಗ್ ತೀರಾ ಮೃದುವಾದರೆ ತಿರುವಿನಲ್ಲಿ ವಾಹನ ಹೊರಕ್ಕೆ ವಾಲುತ್ತದೆ. ಬಿಗಿ ಎಷ್ಟು, ಸಡಿಲ ಎಷ್ಟು ಎಂಬುದನ್ನು ಸವಾರನ ತೂಕ, ಸ್ಕೂಟರಿನ ಮಾದರಿ ನೋಡಿ ನಿರ್ಧರಿಸಬೇಕು. ಒಂದೇ ಜೋಡಣೆಯನ್ನು ಎಲ್ಲ ಮಾದರಿಗಳಿಗೂ ಬೆಸೆಯುವ ವರ್ಕ್‌ಶಾಪಿನಲ್ಲಿ ಈ ವಿವೇಚನೆಯನ್ನು ನಿರೀಕ್ಷಿಸುವಂತಿಲ್ಲ. ಚೌಕಟ್ಟಿಗೆ ಹಾಕಿದ ಬೆಸುಗೆ ತಿಂಗಳುಗಟ್ಟಲೆ ಕುಲುಕಾಟದ ನಂತರ ಬಿರುಕು ಬಿಡಬಹುದೆಂಬುದೂ ಲೋಹದ ಕೆಲಸ ಬಲ್ಲವರಿಗೆಲ್ಲ ತಿಳಿದ ಸಂಗತಿ.

ವಾಹನದ ರೂಪವನ್ನು ಬದಲಿಸುವ ಕಿಟ್‌ಗಳನ್ನು ಬೇರೆಡೆ ಎಷ್ಟು ಗಂಭೀರವಾಗಿ ಪರಿಗಣಿಸಲಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕ ಮತ್ತು ಕೆನಡಾದ ಹಿಮಪ್ರದೇಶಗಳಲ್ಲಿ ಮೋಟಾರ್‌ಸೈಕಲನ್ನು ಹಿಮವಾಹನವನ್ನಾಗಿ ಮಾರ್ಪಡಿಸುವ ಕಿಟ್‌ಗಳಿವೆ. ಮುಂದಿನ ಚಕ್ರದ ಜಾಗದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಹಲಗೆ, ಹಿಂದಿನ ಚಕ್ರದ ಜಾಗದಲ್ಲಿ ಹಲ್ಲುಗಳುಳ್ಳ ರಬ್ಬರ್ ಪಟ್ಟಿ. ಅಲ್ಲಿ ಪ್ರತಿ ಮಾದರಿಯ ಬೈಕಿಗೂ ಪ್ರತ್ಯೇಕ ಜೋಡಣಾ ಭಾಗಗಳಿರುತ್ತವೆ. ಸ್ಕೀಯ ತಳದ ಆಕಾರ ಬದಲಾದರೆ ವಾಹನ ಗಟ್ಟಿ ಹಿಮದ ಮೇಲೆ ಅತ್ತಿತ್ತ ಎಳೆಯುತ್ತದೆಯೇ, ಪಟ್ಟಿಯ ಉದ್ದ ಹೆಚ್ಚಿದರೆ ತಿರುಗಲು ಹಟ ಮಾಡುತ್ತದೆಯೇ, ಪಟ್ಟಿಯನ್ನೂ ಬೈಕಿನ ಚೌಕಟ್ಟನ್ನೂ ಬಂಧಿಸುವ ಸರಳು ಗಡುಸಾಗಿರಬೇಕೆ ಅಥವಾ ಆಘಾತ ಹೀರುವಂತಿರಬೇಕೆ ಎಂಬ ಬಗ್ಗೆ ತಯಾರಕರೂ ಸವಾರರೂ ಸೂಕ್ಷ್ಮವಾಗಿ ಚರ್ಚಿಸುತ್ತಾರೆ. ಇಷ್ಟಾಗಿಯೂ ಆ ವಾಹನ ಬೈಕಿನಂತೆ ವಾಲುವ ಗುಣವನ್ನು ಉಳಿಸಿಕೊಂಡಿದೆ. ಅದು ಮುಖ್ಯವಾಗಿ ವಿನೋದದ ವಾಹನ. ಅದನ್ನು ಕೊಳ್ಳುವವನೇ ಓಡಿಸುವವನು, ಹಣ ಅವನದು, ಜೀವವೂ ಅವನದು. ಆದ್ದರಿಂದ ತಯಾರಕ ಅವನ ಮಾತು ಕೇಳಲೇಬೇಕು.

ನಮ್ಮಲ್ಲಿ ಈ ಕೊಂಡಿ ಕಳಚಿದೆ. ಹಣ ಕೊಡುವುದು ಇಲಾಖೆ, ಮಾರುವುದು ಗುತ್ತಿಗೆದಾರ, ಓಡಿಸುವುದು ಇನ್ನೊಬ್ಬ. ವಸ್ತುವಿನ ಗುಣದ ಬಗ್ಗೆ ಮಾರುವವನಿಗೆ ಇರುವ ತಿಳಿವು ಕೊಳ್ಳುವವನಿಗೆ ಇಲ್ಲದಿದ್ದರೆ ಕಳಪೆ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿಕೊಟ್ಟರು. 2001ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಅವರು ಉದಾಹರಣೆಯಾಗಿ ಬಳಸಿದ್ದು ಹಳೆಯ ಕಾರುಗಳ ಮಾರುಕಟ್ಟೆಯನ್ನು. ನಮ್ಮ ಸ್ಥಿತಿ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ: ಇಲ್ಲಿ ಬಳಸುವವನು ಕೊಳ್ಳುವವನೇ ಅಲ್ಲ. ಟೆಂಡರ್ ದಾಖಲೆಯಲ್ಲಿ ‘ಎರಡು ಹೆಚ್ಚುವರಿ ಚಕ್ರಗಳನ್ನು ಒಳಗೊಂಡ’ ಎಂದಷ್ಟೇ ಇದ್ದರೆ, ಅಗಲವಾದ, ಸ್ಪ್ರಿಂಗ್ ಉಳ್ಳ ಜೋಡಣೆ ಮಾಡಿದವನ ದರ ಹೆಚ್ಚಾಗಿ ಅವನು ಸೋಲುತ್ತಾನೆ. ಗೆಲ್ಲುವುದು ಚಕ್ರಗಳ ಸಂಖ್ಯೆಯನ್ನು ಮಾತ್ರ ಸರಿಯಾಗಿ ಕೊಟ್ಟವನು.

ಸೇವೆಯಲ್ಲಿದ್ದ ದಿನಗಳಲ್ಲಿ ಹಲವು ಖರೀದಿ ಸಮಿತಿಗಳ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ದರಗಳ ತುಲನಾ ಪಟ್ಟಿಯನ್ನು ಅಲ್ಲಿ ಎಲ್ಲರೂ ಓದುತ್ತಾರೆ, ಏಕೆಂದರೆ ಲೆಕ್ಕಪರಿಶೋಧಕರು ಕೇಳುವುದು ಅದನ್ನೇ. ಹೆಚ್ಚು ದರದ ವಸ್ತುವನ್ನು ಆಯ್ದ ಅಧಿಕಾರಿ ಲಿಖಿತ ವಿವರಣೆ ಕೊಡಬೇಕಾಗುತ್ತದೆ. ಕಡಿಮೆ ದರದ ವಸ್ತು ತಿರುವಿನಲ್ಲಿ ಮಗುಚಿದರೆ ವಿವರಣೆ ಕೇಳುವವರಿಲ್ಲ. ಇದು ವ್ಯಕ್ತಿಗಳ ದೋಷಕ್ಕಿಂತ ಹೆಚ್ಚಾಗಿ ಪ್ರೋತ್ಸಾಹಕಗಳ ದೋಷ. ಇದಕ್ಕೆ ಕಾನೂನನ್ನು ದೂರಿ ಪ್ರಯೋಜನವಿಲ್ಲ. ತಾಂತ್ರಿಕ ಅರ್ಹತೆಯನ್ನು ಮೊದಲು ತೆರೆದು, ಅದರಲ್ಲಿ ಗೆದ್ದವರ ದರವನ್ನಷ್ಟೇ ಅನಂತರ ತೆರೆಯುವ ಎರಡು ಲಕೋಟೆಗಳ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮೊದಲ ಲಕೋಟೆಯಲ್ಲಿ ಏನನ್ನು ಕೇಳಬೇಕು ಎಂಬುದನ್ನು ನಾವು ಬರೆದಿಲ್ಲ, ಅಷ್ಟೇ.

ಶಾಸನದ ಬೆಂಬಲವೂ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 41ನೇ ಪ್ರಕರಣವು ಕೈಗೆಟುಕುವ ವೆಚ್ಚದಲ್ಲಿ ವೈಯಕ್ತಿಕ ಚಲನಶೀಲತೆಯನ್ನು ಉತ್ತೇಜಿಸುವ ಯೋಜನೆಗಳನ್ನು ರೂಪಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ವಾಹನಗಳ ಮಾರ್ಪಾಡು ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಮೋಟಾರು ವಾಹನ ಅಧಿನಿಯಮಕ್ಕೆ 2019ರಲ್ಲಿ ಮಾಡಿದ ತಿದ್ದುಪಡಿ, ‘ಅಶಕ್ತರ ಗಾಡಿ’ ಎಂಬ ಅರ್ಥದ ಹಳೆಯ ಪದವನ್ನು ಕೈಬಿಟ್ಟು, ಅಂಗವಿಕಲರ ಬಳಕೆಗಾಗಿ ಮಾರ್ಪಡಿಸಿದ ವಾಹನ ಎಂಬ ಗೌರವಯುತ ಪರಿಕಲ್ಪನೆಯನ್ನು ತಂದಿತು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಅಳವಡಿಸಲು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಅನುಮೋದನೆ ಬೇಕೆಂಬ ನಿಯಮ ಬಹುಕಾಲದಿಂದ ಇದೆ. ಅನಿಲ ಸೋರಿಕೆಗೆ ತೋರಿದ ಎಚ್ಚರವನ್ನು ವಾಹನ ಮಗುಚುವ ಅಪಾಯಕ್ಕೂ ತೋರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಜೋಡಣೆಯ ವೆಚ್ಚ ಹೆಚ್ಚಿದರೆ ಫಲಾನುಭವಿಗಳ ಸಂಖ್ಯೆ ಕುಗ್ಗುತ್ತದೆ. ಕಾಯುವವರ ಪಟ್ಟಿ ಉದ್ದವಿರುವಾಗ ಇದು ನ್ಯಾಯವೇ? ಅರ್ಥಶಾಸ್ತ್ರ ಓದಿದವನಾಗಿ ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಒಂದು ಕೋಟಿ ರೂಪಾಯಿ ಅನುದಾನವಿದ್ದು, ವಾಹನವೊಂದಕ್ಕೆ ಒಂದು ಲಕ್ಷ ತಗಲುತ್ತದೆ ಎಂದಿಟ್ಟುಕೊಳ್ಳೋಣ. ನೂರು ಮಂದಿಗೆ ವಾಹನ ಸಿಗುತ್ತದೆ. ಉತ್ತಮ ಜೋಡಣೆಗೆ ಐದು ಸಾವಿರ ಹೆಚ್ಚು ಕೊಟ್ಟರೆ 95 ಮಂದಿಗೆ ಸಿಗುತ್ತದೆ. ಐವರು ಮುಂದಿನ ವರ್ಷದವರೆಗೆ ಕಾಯಬೇಕು. ಅದು ನಿಜವಾದ ನಷ್ಟ. ಆದರೆ ನೂರರಲ್ಲಿ ಆರು ವಾಹನಗಳು ಭಯದಿಂದಲೋ ಬಿರುಕಿನಿಂದಲೋ ಮನೆಯ ಮುಂದೆ ತುಕ್ಕು ಹಿಡಿದು ನಿಂತರೂ ಲೆಕ್ಕ ತಿರುಗುಮುರುಗಾಗುತ್ತದೆ. ಅಪಘಾತವಾದರೆ ಆಸ್ಪತ್ರೆಯ ವೆಚ್ಚ, ಕಳೆದ ದುಡಿಮೆ, ಮೊದಲೇ ಇದ್ದ ಊನದ ಮೇಲೆ ಮತ್ತೊಂದು ಊನ ಇವೆಲ್ಲ ಆ ಕುಟುಂಬದ ಪಾಲಿಗೆ ಬರುತ್ತವೆ. ಅಗ್ಗದ ಖರೀದಿಯಿಂದ ಉಳಿದ ಹಣ ಸರ್ಕಾರದ ಪುಸ್ತಕದಲ್ಲಿ ಉಳಿತಾಯವಾಗಿ ಕಾಣುತ್ತದೆ. ಆ ಉಳಿತಾಯಕ್ಕೆ ತೆರಬೇಕಾದ ಬೆಲೆ ಬಡವನ ಮನೆಯ ಲೆಕ್ಕಕ್ಕೆ ವರ್ಗವಾಗುತ್ತದೆ.

ಮಾಡಬೇಕಾದದ್ದು ಕಷ್ಟಸಾಧ್ಯವೇನಲ್ಲ. ಸ್ಕೂಟರಿನ ಮಾದರಿ ಮತ್ತು ಜೋಡಣೆ ಎರಡನ್ನೂ ಸೇರಿಸಿ, ಸವಾರನ ತೂಕ ಹೊರಿಸಿ, ಓರೆ ವೇದಿಕೆಯ ಮೇಲೆ ಎಷ್ಟು ಕೋನದವರೆಗೆ ಮಗುಚದೆ ನಿಲ್ಲುತ್ತದೆ ಎಂದು ಪರೀಕ್ಷಿಸಬೇಕು. ನಿಗದಿತ ತ್ರಿಜ್ಯದ ತಿರುವು, ಉಬ್ಬು, ಗುಂಡಿ, ಬ್ರೇಕ್ ದೂರ ಇವುಗಳಿಗೂ ಕನಿಷ್ಠ ಮಟ್ಟವನ್ನು ಟೆಂಡರಿನಲ್ಲೇ ಬರೆಯಬೇಕು. ಪುಣೆಯ ಎಆರ್‌ಎಐನಂತಹ ಸಂಸ್ಥೆಗಳು ದೇಶದಲ್ಲಿವೆ. ಓರೆ ವೇದಿಕೆಯ ಪ್ರಾಥಮಿಕ ಪರೀಕ್ಷೆಯನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳೂ ಮಾಡಬಲ್ಲವು. ಕಾಲಿನಿಂದ ವಾಹನವನ್ನು ಹಿಂದಕ್ಕೆ ತಳ್ಳಲಾರದವನಿಗೆ ಹಿಮ್ಮುಖ ಚಲನೆಯ ವ್ಯವಸ್ಥೆ, ಊರುಗೋಲು ಇಡಲು ಭದ್ರವಾದ ಜಾಗ, ಬೆನ್ನಿಗೆ ಆಧಾರ ಇವು ಅಲಂಕಾರಗಳಲ್ಲ. ಸವಾರನ ಊನಕ್ಕೆ ಅನುಗುಣವಾಗಿ ಇರಲೇಬೇಕಾದ ಅಂಗಗಳು.

ವಾಹನದ ಜೊತೆಗೆ ತರಬೇತಿಯೂ ಬೇಕು. ವೇಗದಲ್ಲಿರುವ ದ್ವಿಚಕ್ರ ವಾಹನವನ್ನು ಎಡಕ್ಕೆ ತಿರುಗಿಸಲು ಸವಾರ ತನಗರಿವಿಲ್ಲದೆಯೇ ಎಡ ಹಿಡಿಯನ್ನು ಕ್ಷಣಕಾಲ ಮುಂದಕ್ಕೆ ಒತ್ತುತ್ತಾನೆ. ವಾಹನ ಎಡಕ್ಕೆ ವಾಲುತ್ತದೆ. ಪಕ್ಕದ ಚಕ್ರಗಳುಳ್ಳ ವಾಹನದಲ್ಲಿ ಹಾಗೆ ಒತ್ತಿದರೆ ಅದು ಬಲಕ್ಕೆ ಹೊರಳುತ್ತದೆ. ಅಪಘಾತಕ್ಕೆ ಮುಂಚೆ ಬೈಕ್ ಓಡಿಸುತ್ತಿದ್ದವನಿಗೆ ಹಳೆಯ ಅಭ್ಯಾಸವೇ ಶತ್ರುವಾಗಬಹುದು. ಕೀಲಿಕೈ ಕೊಡುವ ಮುನ್ನ ಖಾಲಿ ಮೈದಾನದಲ್ಲಿ ಅರ್ಧ ದಿನದ ಅಭ್ಯಾಸ, ಆರು ತಿಂಗಳಿಗೊಮ್ಮೆ ಬೆಸುಗೆ ಮತ್ತು ಬೋಲ್ಟುಗಳ ಉಚಿತ ತಪಾಸಣೆ ಇವೆರಡನ್ನೂ ಗುತ್ತಿಗೆಯ ಷರತ್ತಾಗಿಸಬೇಕು. ಇಂತಹ ವಾಹನಗಳ ಅಪಘಾತಗಳನ್ನು ಪೊಲೀಸ್ ದಾಖಲೆಯಲ್ಲಿ ಪ್ರತ್ಯೇಕವಾಗಿ ಗುರುತಿಸಿದರೆ ಯಾವ ವಿನ್ಯಾಸ ಎಲ್ಲಿ ಸೋಲುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಸ್ಪಷ್ಟವಾದೀತು.

ಕೊನೆಯದಾಗಿ ಒಂದು ಸಲಹೆ. ತಾಂತ್ರಿಕ ನಿರ್ದಿಷ್ಟತೆಗಳನ್ನು ಬರೆಯುವ ಸಮಿತಿಯಲ್ಲಿ ಇಂತಹ ವಾಹನವನ್ನು ಐದಾರು ವರ್ಷ ಓಡಿಸಿದ ಇಬ್ಬರಾದರೂ ಇರಲಿ. ಯಾವ ಉಬ್ಬಿನ ಮೇಲೆ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ, ಯಾವ ಇಳಿಜಾರಿನಲ್ಲಿ ಕೈ ನಡುಗುತ್ತದೆ ಎಂಬುದನ್ನು ಅವರು ಯಾವ ಪ್ರಯೋಗಾಲಯಕ್ಕಿಂತಲೂ ಮೊದಲೇ ಹೇಳಬಲ್ಲರು. ಮುಂದಿನ ಟೆಂಡರ್ ಹೊರಡುವ ಮೊದಲು ಅವರನ್ನು ಕರೆದು ಕೇಳುವುದಕ್ಕೆ ಹೊಸ ಕಾನೂನಾಗಲೀ ಹೆಚ್ಚುವರಿ ಅನುದಾನವಾಗಲೀ ಬೇಕಿಲ್ಲ.