ನಮ್ಮ ಹೊಗೆ, ನಮ್ಮ ಮಂಜು ಬರೆಯಲಿ ಮಕ್ಕಳು

ಗಡಹಿಂಗ್ಲಜ ತಾಲೂಕಿನ ಕನ್ನಡ ಮನೆಗಳ ಮಕ್ಕಳು ತೈಲವರ್ಣದ ನಿಸರ್ಗಚಿತ್ರ ಕಲಿಯಲು ನನ್ನ ಬಳಿ ಬರುತ್ತಾರೆ. ಬಹಳಷ್ಟು ಮಕ್ಕಳ ಮೊದಲ ಚಿತ್ರದಲ್ಲಿ ಹಿಮದ ಬೆಟ್ಟ, ಪೈನ್ ಮರ. ಮೊಬೈಲ್ ನೋಡಿ ಕಲಿತದ್ದು. ಕೈ ಚುರುಕಾಗಿರುತ್ತದೆ, ನಿಜ. ಆದರೆ ಹಿರಣ್ಯಕೇಶಿಯ ದಂಡೆಯಲ್ಲಿ ಬೆಳೆದ ಹುಡುಗಿ ಹಿಮದ ಗಾಳಿಯನ್ನು ಎಲ್ಲಿ ಕಂಡಾಳು?

ಅಂಥ ಹಿಮದ ಬೆಟ್ಟಗಳನ್ನು ಬರೆದು ತೋರಿಸಿದ ಬಾಬ್ ರಾಸ್ ಬಗ್ಗೆ ನನಗೆ ಗೌರವವಿದೆ. 1983ರಿಂದ 1994ರವರೆಗೆ ಅಮೆರಿಕದ ಟಿವಿಯಲ್ಲಿ ಚಿತ್ರ ಬರೆದು ತೋರಿಸಿದ ಆತ ಅದಕ್ಕೂ ಮುಂಚೆ ವಾಯುಪಡೆಯ ನೌಕರಿಯಲ್ಲಿ ಅಲಾಸ್ಕಾದಲ್ಲಿದ್ದವನು. ತಾನು ಕಣ್ಣಾರೆ ಕಂಡ ಬೆಟ್ಟಗಳನ್ನು ಬರೆದ. ನಮ್ಮ ಮಕ್ಕಳೂ ತಾವು ಕಂಡದ್ದನ್ನು ಬರೆಯಬೇಕು ಎಂಬುದಷ್ಟೇ ನನ್ನ ವಾದ.

ಕೊಲ್ಹಾಪುರ ಸೀಮೆಯಲ್ಲಿ ಅದಕ್ಕೇನು ಬರ? ಕಬ್ಬಿನ ಹಂಗಾಮು ಶುರುವಾದರೆ ಬೆಲ್ಲದ ಗಾಣಗಳ ಹೊಗೆ ಏಳುತ್ತದೆ. ಚಳಿಗಾಲದ ಸಂಜೆ ತಣ್ಣನೆಯ ಗಾಳಿ ತಗ್ಗಿನಲ್ಲೇ ನಿಂತುಬಿಡುವುದರಿಂದ ಆ ಹೊಗೆ ಕಬ್ಬಿನ ಮೇಲೆ ಅಡ್ಡಕ್ಕೆ ಹಾಸಿಕೊಳ್ಳುತ್ತದೆ. ನಿಂತು ನೋಡಿ. ಹಿಂದೆ ಕಡುಹಸಿರು ಕಬ್ಬಿದ್ದಲ್ಲಿ ಹೊಗೆ ನೀಲಿ. ಅದೇ ಹೊಗೆ ಮೇಲೇರಿ ಬೆಳಕಿನ ಆಕಾಶಕ್ಕೆ ಅಡ್ಡ ಬಂದರೆ ಕಂದು. ಹೊಗೆಯ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಅದಕ್ಕೇ ಹೀಗೆ. ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಇದನ್ನು ಐನೂರು ವರ್ಷದ ಹಿಂದೆಯೇ ಗಮನಿಸಿ ಬರೆದಿಟ್ಟಿದ್ದಾನೆ. ಬಿಳಿಗೆ ಕಪ್ಪು ಕಲಸಿದ ಬೂದು ಬಣ್ಣಕ್ಕೆ ಈ ಹೊಗೆ ದಕ್ಕುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಕಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿ ಬಿಳಿ ಸೇರಿಸಿ. ಕಬ್ಬಿನೆದುರು ನೀಲಿ ಮುಂದಿರಲಿ, ಆಕಾಶದೆದುರು ಸಿಯೆನ್ನಾ. ಆಕಾಶದ ಬಣ್ಣ ಹಸಿ ಇರುವಾಗಲೇ ಸಾಮಾನಗಡದ ಗುಡ್ಡದ ಅಂಚನ್ನು ಒಣ ಬ್ರಷ್ಷಿನಿಂದ ಮೆಲ್ಲಗೆ ಸವರಿದರೆ ಗುಡ್ಡ ದೂರ ಸರಿಯುತ್ತದೆ. ಎಣ್ಣೆಬಣ್ಣ ನಿಧಾನಕ್ಕೆ ಒಣಗುವುದು ಇಲ್ಲಿ ವರ. ಕೆಳಗಿನ ಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನದಕ್ಕೆ ಅಗಸೆ ಎಣ್ಣೆ ಹೆಚ್ಚು. ಉಲ್ಟಾ ಆದರೆ ಬಣ್ಣ ಬಿರಿಯುತ್ತದೆ. ಇದನ್ನೆಲ್ಲ ವಿಡಿಯೊ ನೋಡಿ ಕಲಿತರೂ ನನ್ನ ತಕರಾರಿಲ್ಲ.

ಇಚಲಕರಂಜಿಯ ಹುಡುಗನಿಗೆ ನಾನು ಗುಡ್ಡ ಬರೆಯಲು ಹೇಳುವುದಿಲ್ಲ. ಪಾವರ್‌ಲೂಮ್ ಶೆಡ್ಡಿನ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿರುತ್ತವಲ್ಲ, ಅದನ್ನು ಬರಿ ಎನ್ನುತ್ತೇನೆ. ಅವನಪ್ಪ ದಿನವಿಡೀ ಉಸಿರಾಡುವ ಗಾಳಿ ಅದು.

ಈ ಸೀಮೆಗೆ ಇದು ಹೊಸ ಪಾಠವೂ ಅಲ್ಲ. ಆಬಾಲಾಲ್ ರಹಿಮಾನ್ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಕೊಲ್ಹಾಪುರಕ್ಕೇ ಮರಳಿದರು, ಶಾಹೂ ಮಹಾರಾಜರ ಆಸ್ಥಾನ ಕಲಾವಿದರಾದರು. ಕೋಟಿತೀರ್ಥ ಕೆರೆ, ರಂಕಾಳದ ನೀರಿನಲ್ಲಿ ನಿಂತ ಸಂಧ್ಯಾಮಠ, ಪಂಚಗಂಗೆ: ಬೆಳಕು ಬದಲಾದಂತೆ ಅವನ್ನೇ ಮತ್ತೆ ಮತ್ತೆ ಬರೆದರು. 1922ರಲ್ಲಿ ಮಹಾರಾಜರು ತೀರಿಕೊಂಡಾಗ ದುಃಖ ತಾಳದೆ ಎಷ್ಟೋ ಚಿತ್ರಗಳನ್ನು ಕೋಟಿತೀರ್ಥಕ್ಕೆ ಎಸೆದರೆಂದು ಜನ ಹೇಳುತ್ತಾರೆ. 1931ರಲ್ಲಿ ಅವರೂ ಹೋದರು. ಉಳಿದ ಕೆಲವು ಚಿತ್ರಗಳು ಟೌನ್‌ಹಾಲ್ ಮ್ಯೂಸಿಯಂನಲ್ಲಿವೆ. ನಟ ಚಂದ್ರಕಾಂತ ಮಾಂಡರೆಯವರ ನಿಸರ್ಗಚಿತ್ರಗಳ ಸಂಗ್ರಹಾಲಯ ರಾಜಾರಾಮಪುರಿಯಲ್ಲಿದೆ. ನಮ್ಮ ಶಾಲೆಯ ಪ್ರವಾಸಗಳು ಮಹಾಲಕ್ಷ್ಮಿ ದರ್ಶನ, ಪನ್ಹಾಳಗಡ ಮುಗಿಸಿ ಊರಿಗೆ ತಿರುಗುತ್ತವೆ. ಅರ್ಧ ದಿನ ಈ ಎರಡು ಕಡೆಯೂ ಬಸ್ಸು ನಿಲ್ಲಿಸಿ ಎಂದು ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ.

ಇನ್ನೊಂದು ಕೋರಿಕೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821-22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬರಿ ಮೋಡಗಳನ್ನೇ ಎಣ್ಣೆಬಣ್ಣದಲ್ಲಿ ಬರೆದ. ಹಲವು ಚಿತ್ರಗಳ ಹಿಂಬದಿಗೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದ. ಮಕ್ಕಳಿಂದ ಇದನ್ನು ಮಾಡಿಸಿ. ಕ್ಯಾನ್ವಾಸ್ ದುಬಾರಿಯಾದರೆ ಗೆಸ್ಸೊ ಎಂಬ ಬಿಳಿ ಅಡಿಲೇಪ ಹಚ್ಚಿದ ದಪ್ಪ ಕಾಗದ ಸಾಕು. ಮಕ್ಕಳ ಚಿತ್ರಸ್ಪರ್ಧೆಗಳ ತೀರ್ಪುಗಾರರು ಅಂಕ ಹಾಕುವ ಮುಂಚೆ ಚಿತ್ರದ ಹಿಂಬದಿಯನ್ನೂ ತಿರುವಿ ಓದಲಿ.