ಮದ್ದಿನ ಚೀಲ ಯಾರ ಸೊಂಟಕ್ಕೆ?

'ಲೈಸೆನ್ಸ್ ತಗೊಳ್ಳಿ ಅಂದಿದ್ದಕ್ಕೆ ಯಾಕ್ರೀ ಸಾಯ್ಬೇಕಿತ್ತು?' ಹಲಗಲಿ ಬೇಡರ ಬಗ್ಗೆ ಹೀಗೆ ಕೇಳೋ ಬುದ್ಧಿವಂತರು ನಮ್ಮ ಐಟಿ ಮಂದಿಯಲ್ಲಿ ಕಡಿಮೆ ಇಲ್ಲ. ಶಾಲೆಯಲ್ಲಿ ಲಾವಣಿ ಓದಿ ಮಾರ್ಕ್ಸ್ ತಗೊಂಡವರೇ ಇವರು. ಬಾದಾಮಿ ಗುಹೆ ನೋಡಿ, ಇಳಕಲ್ಲಿನಲ್ಲಿ ಸೀರೆ ಕೊಂಡು ವೀಕೆಂಡ್ ಮುಗಿಸ್ತಾರೆ. ಅದೇ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಗೆ ಮಾತ್ರ ಕಾರು ತಿರುಗೋದಿಲ್ಲ.

1857ರ ಆ ಕಾಯ್ದೆ ಬರೀ ಬಂದೂಕಿನದಲ್ಲ. ಹತಾರದ ಜೊತೆ ಮದ್ದುಗುಂಡಿನ ತಯಾರಿ, ಮಾರಾಟ, ಇಟ್ಟುಕೊಳ್ಳುವ ಹಕ್ಕು ಎಲ್ಲವೂ ಸರ್ಕಾರದ ಮುಷ್ಟಿಗೆ. ಬರೆದವನು ದಡ್ಡನಲ್ಲ ನೋಡ್ರಿ. ಆಗಿನ ಬಂದೂಕಿಗೆ ಪ್ರತಿ ಸಲ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡಿಯಬೇಕು. ಮದ್ದು ನೆನೆದರೆ ಬಂದೂಕು ಬರೀ ಬಡಿಗೆ. ಹಿಮಾಲಯದಾಚೆ ಟಿಬೆಟಿನವರು ಮದ್ದಿನ ಕೊಂಬು, ಗುಂಡಿನ ಚೀಲ, ಚಕಮಕಿ ಮೈಮೇಲೇ ಹೊತ್ತು ತಿರುಗುತ್ತಿದ್ದದ್ದೂ ಇದಕ್ಕೇ. ಅವರ ಆ ಸಾಮಾನು ಇವತ್ತು ವಿದೇಶಿ ಮ್ಯೂಸಿಯಮ್ಮುಗಳಲ್ಲಿ ಗಾಜಿನ ಹಿಂದೆ ಕೂತು 'ಕಲೆ' ಆಗಿದೆ! ನಮ್ಮ ಬೇಡರಿಗೆ ಹತಾರ ಅಂದ್ರೆ ಬೇಟೆ, ಹೊಟ್ಟೆಪಾಡು, ಮರ್ಯಾದೆ. ಮದ್ದಿಗೆ ಸರ್ಕಾರದ ಬೀಗ ಬಿದ್ದರೆ ಬಂದೂಕು ಗೂಟಕ್ಕೆ ತೂಗಿದ್ದೂ ಒಂದೇ, ಕಿತ್ತುಕೊಂಡು ಹೋಗಿದ್ದೂ ಒಂದೇ.

ಹಲಗಲಿ ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು. ಲೂಟಿಯಾದ ಅಡುಗೆಮನೆ ಸಾಮಾನನ್ನೂ ಲಾವಣಿಕಾರ ಲೆಕ್ಕ ಹಾಕಿಟ್ಟಿದ್ದಾನೆ. ಹತಾರ ಹುಡುಕಲು ಬಂದವರಿಗೆ ಹಾಲು, ಎಣ್ಣೆ ಯಾಕೆ ಬೇಕಿತ್ತು ಅಂತ ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ.

'ಶಾಂತಿ ಕಾಪಾಡೋಕೆ ನಿಯಮ ಬೇಕಲ್ವಾ?' ಅಂತೀರಾ? ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ಹತಾರ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಯಾಕೆ? ನಿಷ್ಠೆಗೆ ಮೆಚ್ಚಿ. ಹಲಗಲಿಯಲ್ಲಿ ಅಪಾಯವಾಗಿದ್ದ ಮದ್ದು ಮಡಿಕೇರಿಯಲ್ಲಿ ಅಲಂಕಾರ ಆಯ್ತೇನು? ಕೊಡವರ ಹಕ್ಕಿನ ಮೇಲೆ ನನಗೆ ತಕರಾರಿಲ್ಲ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ನಡೀಲಿ. ಆ ವಿನಾಯಿತಿಯನ್ನು ನಮ್ಮ ಕೇಂದ್ರ ಸರ್ಕಾರವೇ 2029ರವರೆಗೆ ವಿಸ್ತರಿಸಿದೆ. ಕೇಳಬೇಕಿರೋದು ಇಷ್ಟು: ಲೈಸೆನ್ಸಿನ ಮಾತು ಬಂದಾಗ ಬುದ್ಧಿವಾದ ಹಲಗಲಿಯವರಿಗೆ ಮಾತ್ರ ಯಾಕೆ?