ಪರದೆಯ ಹಿಂದಿನ ದೀಪ

ತಳಕಲ್, ಕುಕನೂರು, ಯಲಬುರ್ಗಾ ಕಡೆ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರಿಗೆ ಗೊತ್ತು, ಆಟಕ್ಕೆ ಅದರದೇ ಹೊತ್ತು ಇರುತ್ತದೆ. ಊರು ಉಂಡು, ದನಕ್ಕೆ ಮೇವು ಹಾಕಿ, ಕಂಬಳಿ ಹೊದ್ದು ಬಂದು ಕೂರುವ ತನಕ ಮದ್ದಳೆ ಕಾಯುತ್ತದೆ. ಗಣಪತಿ ಸ್ತುತಿ ಮುಗಿಯುವಷ್ಟರಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ. ವೀರನ ಪಾತ್ರ ಅಟ್ಟ ನಡುಗುವಂತೆ ಕುಣಿಯುತ್ತಾ ಬಂದಾಗ ಎದ್ದು ಕಣ್ಣು ಉಜ್ಜಿಕೊಳ್ಳುತ್ತಾರೆ. ಮಂಗಳ ಹಾಡುವುದು ಕೋಳಿ ಕೂಗಿದ ಮೇಲೆಯೇ. ಇಂಥ ಆಟವನ್ನು ಟಿವಿಯ ಅರ್ಧ ಗಂಟೆಗೆ ತರುವವರು ಯಾರು? ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರು ಯಾರು? ಕಾರ್ಯಕ್ರಮ ಮುಗಿದ ಮೇಲೆ ಕೊನೆಯ ಎರಡು ಸೆಕೆಂಡು 'ನಿರ್ಮಾಣ' ಎಂಬ ಪದದ ಪಕ್ಕ ಒಂದು ಹೆಸರು ಬಂದು ಹೋಗುತ್ತದೆ. ಈ ಸಲದ ಸಂಪಾದಕರ ಮಾತು ಆ ಹೆಸರಿನವರ ಬಗ್ಗೆ.

ನಮ್ಮ ಭಾಗಕ್ಕೂ ಸಾರ್ವಜನಿಕ ಟಿವಿಗೂ ಇರುವ ನಂಟು ಬೆಂಗಳೂರು ಕೇಂದ್ರಕ್ಕಿಂತ ಹಳೆಯದು. 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ಪಾಠ ತಲುಪಿಸುವ 'ಸೈಟ್' ಪ್ರಯೋಗ ಶುರುವಾದಾಗ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಚಿತ್ರ ಇಳಿಯಿತು. ವಿಕ್ರಮ್ ಸಾರಾಭಾಯಿ ಕಂಡಿದ್ದ ಕನಸು ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ಕೊಪ್ಪಳ ಆಗ ರಾಯಚೂರಿನೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ತಂತಿಬಲೆಯ ದೊಡ್ಡ ಆಂಟೆನಾ, ಸಾರ್ವಜನಿಕ ಜಾಗದಲ್ಲಿ ಕಪ್ಪು-ಬಿಳುಪಿನ ಒಂದು ಪೆಟ್ಟಿಗೆ, ಮುಂದೆ ನೆಲದ ಮೇಲೆ ಇಡೀ ಊರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ನಡುವೆ ಹಾಡು, ಕುಣಿತ, ನಾಟಕ. ಒಂದೇ ವರ್ಷ. 1976ರ ಜುಲೈ ಮುಗಿಯುತ್ತಲೇ ಪ್ರಯೋಗವೂ ಮುಗಿಯಿತು.

ಆ ಒಂದು ವರ್ಷ ನಮಗೆ ತೋರಿಸಿದ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. 1977ರಲ್ಲಿ ಗುಲಬರ್ಗಾದಲ್ಲಿ ರಾಜ್ಯದ ಮೊದಲ ದೂರದರ್ಶನ ಕೇಂದ್ರ ಬಂತು, 1981ರ ನವೆಂಬರ್ 1ರಂದು ಬೆಂಗಳೂರಿನದು. ಅಂದರೆ ಟಿವಿ ನೋಡುವುದರಲ್ಲಿ ನಾವು ರಾಜ್ಯದಲ್ಲೇ ಮೊದಲಿಗರು. ಟಿವಿಯಲ್ಲಿ ನಮ್ಮನ್ನು ನಾವು ಕಾಣುವುದರಲ್ಲಿ ಮಾತ್ರ ಇವತ್ತಿಗೂ ಹಿಂದೆ. ಆ ಅಂತರವನ್ನು ತುಂಬಬಲ್ಲವರು ಪ್ರದರ್ಶನ ಕಲೆ ಬಲ್ಲ ನಿರ್ಮಾಪಕರು. ಅದು ಹುದ್ದೆ ಮಾತ್ರವಲ್ಲ, ಒಂದು ಜೀವಮಾನದ ಕಸುಬು ಎಂಬುದನ್ನು ನಾವು ಇನ್ನೂ ಸರಿಯಾಗಿ ಒಪ್ಪಿಕೊಂಡಿಲ್ಲ.

ಕಸುಬು ಏಕೆ ಎನ್ನುವುದಕ್ಕೆ ನಮ್ಮ ಜಿಲ್ಲೆಯ ತೊಗಲುಗೊಂಬೆಯಾಟವನ್ನೇ ನೋಡಿ. ಹದ ಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಅಂಚು ಕೊರೆದು, ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ತುಂಬುತ್ತಾರೆ. ಬಿಳಿ ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಬೆಳಕು ತೂತುಗಳಿಂದ ತೂರಿ ಬಂದಾಗ ರಾವಣನ ಕಿರೀಟದ ಹರಳು ಮಿನುಗುತ್ತವೆ, ಸೀತೆಯ ಸೀರೆಯ ಕೆಂಪು ಉರಿಯುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪು. ಒಂದು ಗೇಣು ಹಿಂದಕ್ಕೆ ಎಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಕುಂಭಕರ್ಣ ಬೆಳೆಯುವುದು ಹಾಗೆ.

ಇದನ್ನು ಸ್ಟುಡಿಯೋಕ್ಕೆ ತನ್ನಿ. ಹಳೆಯ ಕ್ಯಾಮೆರಾಗಳಿಗೆ ರಾಶಿ ಬೆಳಕು ಬೇಕಿತ್ತು. ಮೇಲಿನ ದೊಡ್ಡ ಲೈಟುಗಳನ್ನು ಹಾಕಿದ ಕೂಡಲೇ ಮುಂದಿನಿಂದ ಬಿದ್ದ ಬೆಳಕು ಪರದೆಯನ್ನು ಬೆಳ್ಳಗೆ ತೊಳೆದುಬಿಡುತ್ತದೆ, ಗೊಂಬೆ ಸಾಯುತ್ತದೆ. ಕಲಾವಿದರಿಗೆ ಇದು ಗೊತ್ತು, ಆದರೆ ಸ್ಟುಡಿಯೋದಲ್ಲಿ ಮಾತಾಡಲು ಅಂಜಿಕೆ. ತಂತ್ರಜ್ಞರಿಗೆ ಕ್ಯಾಮೆರಾ ಗೊತ್ತು, ಆಟ ಗೊತ್ತಿಲ್ಲ. ಎರಡನ್ನೂ ಬಲ್ಲ ಒಬ್ಬರು ಎದ್ದು ನಿಂತು "ಲೈಟು ಆರಿಸಿ, ಪರದೆಯ ಹಿಂದಿನ ದೀಪವನ್ನಷ್ಟೇ ಇಡಿ" ಎನ್ನಬೇಕು. ಅಷ್ಟು ಹೇಳಲು ಅವರು ಆ ಆಟವನ್ನು ಮೊದಲು ಊರಿನಲ್ಲಿ, ಕತ್ತಲಲ್ಲಿ, ಜನರ ನಡುವೆ ಕೂತು ನೋಡಿರಬೇಕು. ನಿರ್ಮಾಪಕರ ಅರ್ಹತೆ ಇಷ್ಟೇ, ಇಷ್ಟು ದೊಡ್ಡದು.

ಬಯಲಾಟದ್ದು ಬೇರೆ ಕಷ್ಟ. ರಂಗದ ಮುಂಭಾಗ ನೋಡುವವರಿಗೆ ಅಗಲವಾಗಿ ಕಾಣುತ್ತದೆ. ಕ್ಯಾಮೆರಾದ ಕಣ್ಣು ತಿರುವುಮುರುವು: ಹತ್ತಿರದಲ್ಲಿ ಕಿರಿದು, ದೂರ ಹೋದಂತೆ ಅಗಲ. ಮುಂದಕ್ಕೆ ನುಗ್ಗಿ ಬರುವ ವೀರ ಎರಡು ಹೆಜ್ಜೆಗೆ ಚೌಕಟ್ಟು ದಾಟಿಬಿಡುತ್ತಾನೆ. ಮುಖಕ್ಕೆ ಹತ್ತಿರ ಹೋದರೆ ಭುಜಕೀರ್ತಿ, ಕಿರೀಟ ಚೆನ್ನಾಗಿ ಕಾಣುತ್ತವೆ, ಕಾಲು ಕಾಣುವುದಿಲ್ಲ. ದೊಡ್ಡಾಟದಲ್ಲಿ ಅರ್ಧ ಮಾತು ಕಾಲಿನದು. ಯಾವ ತಾಳಕ್ಕೆ ಯಾವ ಕ್ಯಾಮೆರಾಕ್ಕೆ ಹೊರಳಬೇಕು, ಹಿಮ್ಮೇಳದವರ ಮುಖ ಯಾವಾಗ ಬರಬೇಕು ಎಂಬುದನ್ನು ಪದದ ಲಯ ಬಲ್ಲವರೇ ಹೇಳಬಲ್ಲರು.

ಹೊರಗಿನ ಲೋಕದಲ್ಲಿ ಈ ಕಸುಬಿಗೆ ಇಡೀ ಬದುಕು ಕೊಟ್ಟವರಿದ್ದಾರೆ. ಅಮೆರಿಕದ ಜಾಕ್ ವೆನ್ಜಾ ರಂಗಸಜ್ಜಿಕೆಯ ಕಲಾವಿದರಾಗಿ ಟಿವಿಗೆ ಬಂದವರು. 1960ರ ದಶಕದಲ್ಲಿ ವಾಣಿಜ್ಯ ವಾಹಿನಿಯನ್ನು ಬಿಟ್ಟು ಸಾರ್ವಜನಿಕ ಟಿವಿ ಸೇರಿದರು; 'ಗ್ರೇಟ್ ಪರ್ಫಾರ್ಮೆನ್ಸಸ್' ಎಂಬ ಸರಣಿ ಕಟ್ಟಿ, 1976ರಲ್ಲಿ 'ಡಾನ್ಸ್ ಇನ್ ಅಮೆರಿಕ' ಶುರುಮಾಡಿದರು. ರಂಗದ ಮೇಲಿನ ನೃತ್ಯವನ್ನು ದೂರದಿಂದ ಹಿಡಿದು ತೃಪ್ತಿಪಡದೆ, ಬ್ಯಾಲಂಚೀನ್, ಮಾರ್ಥಾ ಗ್ರಹಾಂ ಅವರಂಥ ನೃತ್ಯ ಸಂಯೋಜಕರನ್ನೇ ಜೊತೆಗೆ ಕರೆದುಕೊಂಡರು. ಬ್ಯಾಲಂಚೀನ್ ಕ್ಯಾಮೆರಾದ ಕಣ್ಣಿಗೆ ಒಪ್ಪುವಂತೆ ತಮ್ಮ ಹೆಜ್ಜೆಗಳನ್ನೇ ಮತ್ತೆ ಜೋಡಿಸಿದರು. ಹಣ ಕೂಡಿಸುವುದರಿಂದ ಹಿಡಿದು ಕಲಾವಿದರ ಮನವೊಲಿಸುವವರೆಗೆ ಸುಮಾರು ನಾಲ್ಕು ದಶಕ ಒಂದೇ ಕೆಲಸ ಮಾಡಿದ ವೆನ್ಜಾ 2024ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿಯೂ ಅಂಥ ಹೆಸರಿದೆ. ದೆಹಲಿ ದೂರದರ್ಶನದ ಕಮಲಿನಿ ದತ್ ಸ್ವತಃ ಭರತನಾಟ್ಯ ಕಲಿತವರು. ದಶಕಗಳ ಕಾಲ ದೇಶದ ಹಿರಿಯ ನೃತ್ಯ ಕಲಾವಿದರನ್ನು ಕ್ಯಾಮೆರಾ ಮುಂದೆ ತಂದರು. ಮುಂದೆ ದೂರದರ್ಶನದ ಭಂಡಾರದ ಹೊಣೆ ಹೊತ್ತು, ಹಳೆಯ ಟೇಪುಗಳನ್ನು ಉಳಿಸಿ ಜನರ ಕೈಗೆ ಮುಟ್ಟಿಸಿದರು. ತಾವು ಮಾಡಿದ ಕಾರ್ಯಕ್ರಮವನ್ನೂ, ಇತರರು ಮಾಡಿದ್ದನ್ನೂ ಕಾಯುವುದು ಒಂದೇ ಕಸುಬಿನ ಎರಡು ಕೈ ಎಂದು ಅವರ ವೃತ್ತಿಜೀವನ ತೋರಿಸುತ್ತದೆ.

ಕನ್ನಡಕ್ಕೆ ಇದು ಹೊಸ ಪಾಠವೇನೂ ಅಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಲ್ಲಿ ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರ ಸಂಗೀತ ಸಲಹೆಗಾರರು. ಬಲ್ಲವರನ್ನು ಸಂಸ್ಥೆಯ ಒಳಗೆ ಕೂರಿಸಿಕೊಂಡದ್ದರಿಂದಲೇ ಆ ಕೇಂದ್ರದ ಧ್ವನಿಗೆ ಉತ್ತರ ಕರ್ನಾಟಕದ ಮಣ್ಣಿನ ವಾಸನೆ ಬಂತು. ಅದೇ ನಡೆ ಟಿವಿಯಲ್ಲಿಯೂ ಬೇರೂರಬೇಕು. ದೊಡ್ಡಾಟ ಬಲ್ಲವರು, ರಿವಾಯತ್ ಪದ ಬಲ್ಲವರು, ವೃತ್ತಿ ನಾಟಕ ಕಂಪನಿಯ ಪರದೆ ಎಳೆದವರು ನಿರ್ಮಾಣದ ಕೋಣೆಯಲ್ಲಿ ಕೂರಬೇಕು.

ತಡಮಾಡಲು ಹೊತ್ತಿಲ್ಲ. ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ರಾಮಾಯಣ, ಮಹಾಭಾರತದ ಗೊಂಬೆಗಳನ್ನು ಹಲವು ದೇಶಗಳ ಪರದೆಯ ಮೇಲೆ ಆಡಿಸಿ ಬಂದ ಅಜ್ಜಿ ಅವರು. ಪ್ರಶಸ್ತಿಯ ವಾರ್ತೆ ಮೂರು ನಿಮಿಷ ಬಂತು, ಎಲ್ಲರೂ ಸಂತೋಷಪಟ್ಟೆವು. ಅಂಥ ಹಿರಿಯರ ಪ್ರಸಂಗಗಳು ಮೊದಲಿನಿಂದ ಕೊನೆಯವರೆಗೆ, ಒಂದು ಪದವೂ ಕತ್ತರಿಸದೆ ದಾಖಲಾಗಬೇಕಾದದ್ದು ಮುಂದಿನ ಕೆಲಸ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿಯಂಥ ದೊಡ್ಡ ಸಂಸ್ಥೆಯೂ ಹಳೆಯ ಕಾರ್ಯಕ್ರಮಗಳ ಮೇಲೆಯೇ ಹೊಸದನ್ನು ಬರೆದು, ಆಮೇಲೆ ಕೊರಗಿತು. ಇವತ್ತು ಟೇಪಿನ ನೆಪವಿಲ್ಲ.

"ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ನಿರ್ಮಾಪಕರು ಯಾಕೆ?" ಎಂದು ಕೇಳುವವರಿದ್ದಾರೆ. ಜಾತ್ರೆಯ ರಾತ್ರಿ ನೂರು ಮೊಬೈಲ್ ಎದ್ದು ನಿಲ್ಲುತ್ತವೆ, ನಿಜ. ಬೆಳಿಗ್ಗೆ ಸಿಗುವುದು ನೂರು ತುಣುಕು: ಅರ್ಧ ಪದ, ಮುಂದಿನವರ ತಲೆ, ಒಡೆದ ಮದ್ದಳೆಯ ಸದ್ದು. ಪದ ಯಾರದು, ಮದ್ದಳೆ ಯಾರು ನುಡಿಸಿದರು, ಯಾವ ಊರಿನ ಮೇಳ, ಯಾವ ಪ್ರಸಂಗ, ಯಾವ ದಿನ ಎಂದು ಯಾರೂ ಬರೆದಿಡುವುದಿಲ್ಲ. ಆ ಐದು ಸಾಲನ್ನು ಬರೆದಿಡುವುದೇ ನಿರ್ಮಾಪಕರ ಕೆಲಸದ ಮೊದಲ ಹೆಜ್ಜೆ. ಐವತ್ತು ವರ್ಷದ ಆಚೆ ಹುಡುಕಿ ಬರುವ ಮೊಮ್ಮಗಳಿಗೆ ಅಜ್ಜನ ಹೆಸರು ಸಿಗುವುದು ಆ ಸಾಲಿನಿಂದ.

ತಳಕಲ್ಲಿನಿಂದ ಕವಲೊಡೆದ ಗದಗ–ವಾಡಿ ಮಾರ್ಗದಲ್ಲಿ 2025ರಲ್ಲಿ ಕುಷ್ಟಗಿಯವರೆಗೆ ರೈಲು ಓಡಿತು. ಹಳಿ ವಾಡಿ ಮುಟ್ಟಿದ ದಿನ ದೂರದರ್ಶನ ಕೇಂದ್ರವಿರುವ ಕಲಬುರಗಿ, ಅಂದರೆ ಹಿಂದಿನ ಗುಲಬರ್ಗಾ, ನಮಗೆ ಇನ್ನೂ ಹತ್ತಿರವಾಗುತ್ತದೆ. ಕ್ಯಾಮೆರಾ ಹತ್ತಿರವಾಗಲು ಹಳಿ ಸಾಲದು, ಮನಸ್ಸು ಬೇಕು. ಆದ್ದರಿಂದ ಈ ಪುಟದಿಂದ ನಮ್ಮ ಬೇಡಿಕೆ ಮೂರು. ಚಂದನ ವಾಹಿನಿ ಮತ್ತು ಕಲಬುರಗಿ ಕೇಂದ್ರ ಈ ಭಾಗದ ಪ್ರದರ್ಶನ ಕಲೆಗಳಿಗೆಂದೇ ಒಬ್ಬ ನಿರ್ಮಾಪಕರನ್ನು ಗೊತ್ತುಮಾಡಿ, ವರ್ಷ ತುಂಬುವುದರೊಳಗೆ ವರ್ಗ ಮಾಡದೆ, ಹತ್ತು ವರ್ಷ ಬಿಡಲಿ. ಪ್ರಸಾರಕ್ಕೆ ಅರ್ಧ ಗಂಟೆ ಸಾಕಾದರೂ ಭಂಡಾರಕ್ಕೆ ಇಡೀ ರಾತ್ರಿಯ ಆಟ ಹೋಗಲಿ. ನಿವೃತ್ತರಾದ ಹಿರಿಯ ನಿರ್ಮಾಪಕರ ಅನುಭವವನ್ನು ಅವರಿಂದಲೇ ಬರೆಸಲಿ. ಅಂಥ ಬರಹಗಳಿಗೆ ಈ ಪತ್ರಿಕೆಯ ಪುಟಗಳು ಸದಾ ತೆರೆದಿವೆ.

ಹಾಗೆ ಗೊತ್ತಾಗಿ ಬರುವ ಆ ನಿರ್ಮಾಪಕರಲ್ಲಿ ನಮ್ಮದೊಂದು ವಿನಂತಿ. ನೀವು ಮೊದಲ ಸಲ ಮೋರನಾಳಕ್ಕೆ ಬಂದ ರಾತ್ರಿ ಕ್ಯಾಮೆರಾ ಚೀಲದಲ್ಲೇ ಇರಲಿ. ನೆಲದ ಮೇಲೆ, ಮಕ್ಕಳ ಪಕ್ಕ ಕೂರಿ. ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ, ದೀಪ ಎಲ್ಲಿ ಇಟ್ಟಿದ್ದರು ಎಂದು ಕೇಳಿಕೊಳ್ಳಿ. ಮರುದಿನ ಕ್ಯಾಮೆರಾ ಹೊರಗೆ ತೆಗೆಯಿರಿ.